ಎಂಟೇ ತಿರುಪು

ನಮ್ಮ ಮನೆಯಲ್ಲಿ ಯಾವ ಸಾಮಾನು ಕೆಟ್ಟರೂ ಮೊದಲು ನಾನು ಬಿಚ್ಚುವುದು, ಆಮೇಲೆ ಅದನ್ನು ಗೋಣಿಚೀಲದಲ್ಲಿ ತುಂಬಿಕೊಂಡು ಬಲ್ಲವರ ಹತ್ತಿರ ಒಯ್ಯುವುದು ಮೂವತ್ತು ವರ್ಷಗಳಿಂದ ನಡೆದುಬಂದ ಪದ್ಧತಿ. ಮಿಕ್ಸಿ, ಪಂಪ್‌ಸೆಟ್ಟಿನ ಸ್ಟಾರ್ಟರ್, ತೋಟಕ್ಕೆ ಔಷಧಿ ಹೊಡೆಯುವ ಪಂಪು, ಎಲ್ಲವೂ ಈ ದಾರಿಯಲ್ಲೇ ಸಾಗಿ ಬಂದಿವೆ. ಆದ್ದರಿಂದ ಕಳೆದ ಸಂಕ್ರಾಂತಿಗೆ ಬೆಂಗಳೂರಿನಿಂದ ಬಂದ ಮಗಳು ಕಾರಿನಿಂದ ಒಂದೂವರೆ ಮೀಟರಿನಷ್ಟು ಉದ್ದದ ಬಣ್ಣದ ಹಲಗೆಯೊಂದನ್ನು ಇಳಿಸಿ, ಇದರ ಮೇಲೆ ಪಾದ ಕಟ್ಟುವ ಬೈಂಡಿಂಗ್‌ಗಳನ್ನು ಕೂರಿಸುವುದು ಬಾಕಿಯಿದೆ, ಬೆಂಗಳೂರಿಗೆ ಹೋದ ಮೇಲೆ ಯಾರಿಂದಲಾದರೂ ಮಾಡಿಸುತ್ತೇನೆ ಎಂದಾಗ ನನಗೆ ಸ್ವಲ್ಪ ಅವಮಾನವೇ ಆಯಿತು. ಎಷ್ಟು ತಿರುಪು ಎಂದು ಕೇಳಿದೆ. ಒಂದು ಪಾದಕ್ಕೆ ನಾಲ್ಕರಂತೆ ಎಂಟು ಎಂದಳು. ಎಂಟೇ ತಿರುಪಿಗೆ ಯಾರಿಗೋ ದುಡ್ಡು ಕೊಡುವುದೇ?

ಅದು ಸ್ನೋಬೋರ್ಡು. ಫೆಬ್ರುವರಿಯಲ್ಲಿ ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಹಿಮದ ಮೇಲೆ ಜಾರುವುದನ್ನು ಕಲಿಯುವವಳಿದ್ದಳು. ವಿದೇಶದಿಂದ ಮರಳಿದ ಸಹೋದ್ಯೋಗಿಯೊಬ್ಬರು ಹಳೆಯದನ್ನು ಅಗ್ಗಕ್ಕೆ ಕೊಟ್ಟಿದ್ದರು. ಮಲೆನಾಡಿನ ಸಾಗರ ಪಟ್ಟಣದ ಪಕ್ಕದ ನಮ್ಮ ಹಳ್ಳಿಗೆ ಮಂಜೂ ಗೊತ್ತು, ಮಳೆಯೂ ಗೊತ್ತು, ಆದರೆ ಹಿಮವನ್ನು ಕಂಡವರು ಯಾರೂ ಇಲ್ಲ. ಅಮ್ಮ ಹಲಗೆಯ ಸುತ್ತ ಒಂದು ಸುತ್ತು ಬಂದು, ಇಷ್ಟುದ್ದದ ಮಣೆಯ ಮೇಲೆ ಎಷ್ಟು ಜನ ಕೂರುತ್ತಾರೆ ಎಂದು ವಿಚಾರಿಸಿದರು. ಕೂರುವುದಲ್ಲ ಅಜ್ಜಿ, ಅಡ್ಡಡ್ಡ ನಿಲ್ಲುವುದು ಎಂದು ಮಗಳು ನಿಂತು ತೋರಿಸಿದಳು. ತೊಂದರೆ ಶುರುವಾದದ್ದು ಅಲ್ಲಿಂದಲೇ.

ಹಲಗೆಯ ಮೇಲೆ ಅಡ್ಡ ನಿಂತಾಗ ಒಂದು ಪಾದ ಮುಂದಾಗಲೇಬೇಕು. ಎಡಗಾಲು ಮುಂದಿಡುವವರನ್ನು ರೆಗ್ಯುಲರ್ ಎಂದೂ ಬಲಗಾಲು ಮುಂದಿಡುವವರನ್ನು ಗೂಫಿ ಎಂದೂ ಕರೆಯುತ್ತಾರೆ. ಇದು ತೀರ್ಮಾನವಾಗದೆ ಬೈಂಡಿಂಗ್‌ಗಳ ಕೋನವನ್ನು ನಿರ್ಧರಿಸುವ ಹಾಗಿಲ್ಲ. ಅಮ್ಮನ ಪ್ರಕಾರ ಇದರಲ್ಲಿ ಚರ್ಚೆಗೆ ಆಸ್ಪದವೇ ಇರಲಿಲ್ಲ. ಮನೆತುಂಬಿಸುವ ದಿನ ಸೊಸೆ ಯಾವ ಕಾಲನ್ನು ಒಳಗಿಡುತ್ತಾಳೋ ಅದನ್ನೇ ಇಡಬೇಕು, ಅದರಲ್ಲೂ ಕಾಶ್ಮೀರದಂಥ ಶಾರದೆಯ ನೆಲದಲ್ಲಿ. ಬಲಗಾಲಿನವರ ಹೆಸರನ್ನು ಅವರು ‘ಗೋಪಿ’ ಎಂದು ಕೇಳಿಸಿಕೊಂಡಿದ್ದರಿಂದ ಅವರ ಪಕ್ಷ ಇನ್ನಷ್ಟು ಬಲವಾಯಿತು.

ಮಗಳು ಮಾತ್ರ ಪರೀಕ್ಷೆ ಮಾಡಿಯೇ ತಿಳಿಯಬೇಕು ಎಂದಳು. ಪರೀಕ್ಷೆ ಸುಲಭದ್ದು: ಎರಡೂ ಪಾದ ಜೋಡಿಸಿ ನಿಂತವರನ್ನು ಅವರಿಗೆ ಗೊತ್ತಾಗದ ಹಾಗೆ ಹಿಂದಿನಿಂದ ಮೆಲ್ಲಗೆ ತಳ್ಳಬೇಕು; ಬೀಳದಿರಲು ಯಾವ ಕಾಲು ತಾನಾಗಿ ಮುಂದೆ ಹೋಗುತ್ತದೋ ಅದೇ ಮುಂಗಾಲು. ಗೊತ್ತಾಗದ ಹಾಗೆ ಎಂಬುದೇ ಇಲ್ಲಿ ಮುಖ್ಯ. ನಾನು ಮಾಡಿನ ಕಂಬದ ಮರೆಯಲ್ಲಿ ಕಾಯುತ್ತಿದ್ದೇನೆಂದು ಮನೆಗೆಲ್ಲ ಗೊತ್ತಿತ್ತು, ಕೆಲಸದವರು ಅಡಿಕೆ ಸುಲಿಯುವುದನ್ನು ಬಿಟ್ಟು ನೋಡುತ್ತಿದ್ದರು, ಮಗಳಂತೂ ಹಿಂದಕ್ಕೆ ಕಣ್ಣು ಹಾಯಿಸಿಯೇ ನಿಂತಿದ್ದಳು. ತಳ್ಳಿದೆ. ಎಡಗಾಲು ಮುಂದೆ ಹೋಯಿತು. ಖಚಿತಪಡಿಸಿಕೊಳ್ಳಲು ಹೆಂಡತಿ ನನ್ನನ್ನು ತಳ್ಳಿದಳು. ಉಣ್ಣೆಯ ಕಾಲುಚೀಲ ಹಾಕಿಕೊಂಡು ಕಾವಿ ನೆಲದ ಮೇಲೆ ನಿಂತಿದ್ದ ನನ್ನ ಎರಡೂ ಕಾಲುಗಳು ಒಟ್ಟಿಗೇ ಮುಂದೆ ಹೋದವು. ನಾನು ಯಾವ ಪಂಗಡಕ್ಕೆ ಸೇರಿದವನೆಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಬೈಂಡಿಂಗಿನ ರಚನೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಬೂಟು ಕೂರುವ ತಳದ ನಡುವೆ ದೊಡ್ಡದೊಂದು ದುಂಡನೆಯ ತೂತಿದೆ, ಅದರ ಅಂಚಿಗೆ ಸಣ್ಣ ಹಲ್ಲುಗಳಿವೆ. ಅದೇ ಅಳತೆಯ ಹಲ್ಲಿನ ಬಿಲ್ಲೆಯೊಂದನ್ನು ಆ ತೂತಿನಲ್ಲಿ ಕೂರಿಸಿ, ಬಿಲ್ಲೆಯ ಮೂಲಕ ನಾಲ್ಕು ತಿರುಪುಗಳನ್ನು ಹಲಗೆಯಲ್ಲಿ ಮೊದಲೇ ಹುದುಗಿಸಿಟ್ಟ ಲೋಹದ ಗೂಡುಗಳಿಗೆ ಬಿಗಿಯಬೇಕು. ಬಿಲ್ಲೆಯ ಮೇಲೆ ಮೂರು ಮೂರು ಡಿಗ್ರಿಗೆ ಗೀಟುಗಳಿರುತ್ತವೆ. ತಳವನ್ನು ಬೇಕಾದಷ್ಟು ತಿರುಗಿಸಿ ಹಲ್ಲುಗಳು ಕಚ್ಚಿಕೊಳ್ಳುವಂತೆ ಕೂರಿಸಿದರೆ ಪಾದದ ಕೋನ ಗಟ್ಟಿಯಾಯಿತು. ಈ ಅಂಗೈಯಗಲದ ಬಿಲ್ಲೆಗಳು ಎರಡಿದ್ದವು. ಊಟಕ್ಕೆ ಎದ್ದು ಬರುವಷ್ಟರಲ್ಲಿ ಒಂದೇ ಆಯಿತು. ಜಗಲಿ, ಅಂಗಳ, ಕಾರು ಎಲ್ಲವನ್ನೂ ಜಾಲಾಡಿ, ಪೊಟ್ಟಣ ಬಿಚ್ಚುವಾಗಲೇ ಇರಲಿಲ್ಲವೆಂದು ಆ ಸಹೋದ್ಯೋಗಿಯ ಮೇಲೆ ಆರೋಪ ಹೊರಿಸಿ ಮುಗಿಸುವ ಹೊತ್ತಿಗೆ, ಮಜ್ಜಿಗೆ ಬಡಿಸಲು ಬಂದ ಅಮ್ಮ ಸಾರಿನ ಪಾತ್ರೆಯನ್ನು ಬದಿಗೆ ಸರಿಸಿದರು. ಬಿಸಿ ಪಾತ್ರೆಯ ಅಡಿಗೆ ಇಡುವುದಕ್ಕೆ ಇಷ್ಟು ಅನುಕೂಲದ ವಸ್ತು ಈ ಮನೆಗೆ ಬಂದಿರಲಿಲ್ಲವಂತೆ.

ಅಂಗಳದ ಚಪ್ಪರದಡಿ ಹಲಗೆಯನ್ನು ಮಲಗಿಸಿ ಕೆಲಸಕ್ಕೆ ಕುಳಿತೆವು. ಪಾದಗಳ ನಡುವಿನ ಅಂತರ ಹೆಚ್ಚುಕಡಿಮೆ ಭುಜದಷ್ಟಿರಬೇಕು. ಮಗಳ ಲೆಕ್ಕಕ್ಕೆ ಅದು 49 ಸೆಂಟಿಮೀಟರ್, ನನ್ನ ಗೇಣಿಗೆ ಎರಡು ಗೇಣಿನ ಮೇಲೆ ಮೂರು ಬೆರಳು. ಮುಂದಿನ ಪಾದಕ್ಕೆ 15, ಹಿಂದಿನದಕ್ಕೆ ಮೈನಸ್ 6 ಎಂದು ಅವಳು ಹೇಳಿದ್ದನ್ನು ನಾನು ಕೇಳಿಸಿಕೊಂಡದ್ದು ನಿಜ, ಆದರೆ ತೋಟದ ಲೆಕ್ಕದಲ್ಲಿ ಮೈನಸ್ ಎಂದರೆ ಸಾಲ, ಪಾದಕ್ಕೂ ಸಾಲಕ್ಕೂ ಏನು ಸಂಬಂಧ ಎಂದು ಎರಡನ್ನೂ ಒಂದೇ ದಿಕ್ಕಿಗೆ ತಿರುಗಿಸಿ ಬಿಗಿದೆ. ಮೈನಸ್ ಎಂದರೆ ಹಿಂದಿನ ಪಾದದ ಬೆರಳುಗಳು ಹಲಗೆಯ ಬಾಲದ ಕಡೆಗೆ ತೆರೆದಿರಬೇಕಂತೆ, ಬಾತುಕೋಳಿ ನಿಂತ ಹಾಗೆ. ಬಿಚ್ಚಿದೆ. ಎರಡನೆಯ ಸಲ ಕೋನಗಳು ಸರಿಯಾದವು, ಆದರೆ ಎಡ ಬಲ ಅದಲು ಬದಲಾಗಿದ್ದವು. ಪಟ್ಟಿಗಳ ಬಕಲ್ಲು ಪಾದದ ಹೊರಬದಿಗೆ ಬರಬೇಕಾದದ್ದು ಎರಡು ಕಾಲುಗಳ ನಡುವೆ ಒಂದನ್ನೊಂದು ನೋಡುತ್ತಾ ಕುಳಿತಿದ್ದವು. ಮತ್ತೆ ಬಿಚ್ಚಿದೆ.

ಹೀಗೆ ಬಿಚ್ಚಿ ಹಾಕುವ ಭರದಲ್ಲಿ ಎಂಟು ತಿರುಪು ಏಳಾಯಿತು. ಪಕ್ಕದಲ್ಲಿ ಸುಲಿದ ಅಡಿಕೆಯ ಬುಟ್ಟಿಗಳಿದ್ದವು. ಆ ಬುಟ್ಟಿಗಳು ಸಂಜೆಯೇ ಬೇಯುವುದಕ್ಕೆ ಹಂಡೆಗೆ ಹೋದವು. ಮರುದಿನ ಸಾಗರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಆರು ಮಿಲಿಮೀಟರಿನ ತಿರುಪು ಕೇಳಿದೆ. ಯಾವುದಕ್ಕೆ ಎಂದರು. ಹಿಮದ ಮೇಲೆ ಜಾರುವ ಹಲಗೆಗೆ ಎಂದೆ. ಅಂಗಡಿಯವರು ಒಮ್ಮೆ ರಸ್ತೆಯ ಬಿಸಿಲನ್ನೂ ಒಮ್ಮೆ ನನ್ನನ್ನೂ ನೋಡಿ ಮಾತಾಡದೆ ತೂಕಕ್ಕೆ ಹಾಕಿದರು. ದಪ್ಪವೇನೋ ಸರಿಯಾಗಿತ್ತು. ಉದ್ದದ ವಿಷಯದಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಒಳ್ಳೆಯದೇ, ಹಿಡಿತ ಗಟ್ಟಿ ಎಂಬ ನನ್ನ ಅಭಿಪ್ರಾಯ ಬಾಗಿಲಿನ ಬಿಜಾಗರಿಗೆ ಸಲ್ಲುತ್ತದೆ, ಸ್ನೋಬೋರ್ಡಿಗೆ ಸಲ್ಲುವುದಿಲ್ಲ. ಹಲಗೆಯ ಒಟ್ಟು ದಪ್ಪವೇ ಸುಮಾರು ಒಂದು ಸೆಂಟಿಮೀಟರ್. ತಿರುಪು ಉದ್ದವಾದರೆ ಗೂಡಿನ ತಳವನ್ನು ಕೆಳಕ್ಕೆ ನೂಕುತ್ತದೆ. ಹಲಗೆಯ ಅಡಿಯನ್ನು ಅಂಗೈಯಿಂದ ಸವರಿದ ಅಮ್ಮ, ಇಲ್ಲೊಂದು ಬೆವರುಸಾಲೆ ಎದ್ದಿದೆಯಲ್ಲ ಎಂದರು. ಗಾಬರಿಯಿಂದ ಆ ತಿರುಪನ್ನು ಹೊರಗೆಳೆಯಲು ಹೋದೆ. ಅದರ ತಲೆಯ ಪ್ಲಸ್ ಗುರುತು ಆಗಲೇ ಸವೆದು ಬಟ್ಟಲಿನಂತಾಗಿತ್ತು. ಇಂಥ ತಿರುಪುಗಳಿಗೆ ಮೂರನೆಯ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಬೇಕು, ಮನೆಮನೆಯಲ್ಲಿರುವುದು ಎರಡನೆಯ ನಂಬರಿನದು. ಕಡೆಗೆ ಪದ್ಧತಿಯಂತೆ ಗೋಣಿಚೀಲ ಬಂತು. ಊರಿನ ಬೈಕ್ ಮೆಕ್ಯಾನಿಕ್ ಸುತ್ತಿಗೆಯಿಂದ ಬಡಿದು ತಿರುಗಿಸುವ ತನ್ನ ಡ್ರೈವರಿನಿಂದ ಎರಡೇ ಏಟಿಗೆ ಅದನ್ನು ತೆಗೆದು, ಸರಿಯಾದ ಉದ್ದದ ತಿರುಪೊಂದನ್ನು ತನ್ನ ಡಬ್ಬಿಯಿಂದ ಆರಿಸಿ ಕೊಟ್ಟ. ದುಡ್ಡು ಬೇಡವೆಂದ. ಅದು ಇನ್ನೂ ನೋವಿನ ಸಂಗತಿ.

ಅಂದು ರಾತ್ರಿ ಮಗಳು ಸಮಾಧಾನಕ್ಕೆಂಬಂತೆ ಈ ಆಟ ಹುಟ್ಟಿದ ಕತೆ ಹೇಳಿದಳು. 1965ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಶರ್ಮನ್ ಪಾಪೆನ್ ಎಂಬವರು ತಮ್ಮ ಹೆಣ್ಣುಮಕ್ಕಳಿಗಾಗಿ ಹಿಮದಲ್ಲಿ ಜಾರಲು ಕಾಲಿಗೊಂದರಂತೆ ಕಟ್ಟುವ ಸ್ಕೀಗಳೆರಡನ್ನು ಜೋಡಿಸಿ ಒಂದು ಹಲಗೆ ಮಾಡಿದರಂತೆ; ಆಮೇಲೆ ಅದು ಸ್ನರ್ಫರ್ ಎಂಬ ಹೆಸರಿನಲ್ಲಿ ಮಾರಾಟಕ್ಕೂ ಬಂತಂತೆ. ಅದಕ್ಕೆ ಬೈಂಡಿಂಗೇ ಇರಲಿಲ್ಲ, ಹಿಡಿದುಕೊಳ್ಳಲು ಮೂತಿಗೊಂದು ಹಗ್ಗ, ಅಷ್ಟೆ. ನಾವು ಅಡಿಕೆ ಹಾಳೆಯ ಮೇಲೆ ಕುಳಿತು ಗುಡ್ಡೆಯಿಂದ ಜಾರುತ್ತಿದ್ದದ್ದೂ ಹೀಗೆಯೇ, ತಿರುಪಿಲ್ಲದೆ. 1998ರ ನಾಗಾನೊ ಒಲಿಂಪಿಕ್ಸ್‌ಗೆ ಈ ಆಟ ಸೇರಿತು ಎಂದಾಗ, ನಡುವಿನ ವರ್ಷಗಳಲ್ಲಿ ಅದಕ್ಕೆ ತಿರುಪು ಹಾಕಿದವರ ಬಗ್ಗೆ ನನಗೆ ಒಳ್ಳೆಯ ಭಾವನೆ ಬರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳ ಬೂಟುಗಳನ್ನು ಕಟ್ಟಿ ಅಳೆದೆವು. ಬೂಟಿನ ಮೂತಿ ಮತ್ತು ಹಿಮ್ಮಡಿ ಹಲಗೆಯ ಎರಡೂ ಅಂಚುಗಳಿಂದ ಒಂದೇ ಅಳತೆಯಷ್ಟು ಹೊರಚಾಚಬೇಕು; ಒಂದು ಕಡೆ ಹೆಚ್ಚಾದರೆ ತಿರುಗುವಾಗ ಅದು ಹಿಮಕ್ಕೆ ತಾಗಿ ಕೆಡವುತ್ತದೆ. ಬೆರಳಗಲ ಸರಿಸಿದ ಮೇಲೆ ಎಲ್ಲವೂ ಕೂಡಿಬಂತು. ಮಗಳು, ಹೆಂಡತಿ ಸಾಗರದ ಪೇಟೆಗೆ ಹೋದರು. ಕಟ್ಟಿದ ಕೆಲಸ ಗಟ್ಟಿಯಿದೆಯೇ ಎಂದು ನೋಡಬೇಡವೇ? ನಾನು ತೋಟದ ಗಂಬೂಟು ಹಾಕಿಕೊಂಡು ಹಲಗೆಯ ಮೇಲೆ ನಿಂತು, ಹಲ್ಲಿನ ಪಟ್ಟಿಯನ್ನು ಬಕಲ್ಲಿಗೆ ತೂರಿಸಿ ಹಿಡಿಕೆಯನ್ನು ಮೇಲೆ ಕೆಳಗೆ ಆಡಿಸಿದೆ. ಕಟ್ ಕಟ್ ಕಟ್ ಎಂದು ಎಂಥ ಹಿತವಾದ ಸದ್ದು! ಆ ಸದ್ದಿಗಾಗಿಯೇ ಇನ್ನೂ ನಾಲ್ಕು ಹಲ್ಲು ಬಿಗಿದೆ.

ಬಿಡಿಸಲು ಹೋದಾಗ, ಅದೇ ಹಿಡಿಕೆಯನ್ನು ಎಳೆದಷ್ಟೂ ಪಟ್ಟಿ ಬಿಗಿಯುತ್ತಾ ಹೋಯಿತು. ಸ್ಕೀಯಲ್ಲಾದರೆ ಬಿದ್ದಾಗ ಬೈಂಡಿಂಗ್ ತಾನೇ ಕಳಚಿಕೊಳ್ಳುವ ಏರ್ಪಾಡಿದೆ, ಸ್ನೋಬೋರ್ಡಿನಲ್ಲಿ ಅಂಥ ದಯೆಯಿಲ್ಲ. ಇದನ್ನು ನಾನು ಅಂಗಳದಲ್ಲಿ ಕುಕ್ಕರಿಸಿ ಬಿದ್ದೇ ಕಂಡುಕೊಂಡೆ. ಅಷ್ಟರಲ್ಲಿ ಅಡಿಕೆ ನೋಡಲು ಬರುತ್ತೇನೆಂದಿದ್ದ ವ್ಯಾಪಾರಿ ಗೇಟು ತೆಗೆದರು. ಎದ್ದು ಬರಮಾಡಿಕೊಳ್ಳುವಂತಿಲ್ಲ. ಬನ್ನಿ ಕೂತುಕೊಳ್ಳಿ ಎಂದು ನೆಲದಿಂದಲೇ ಉಪಚರಿಸಿದೆ. ಮನೆಯ ಯಜಮಾನ ಎರಡೂ ಕಾಲನ್ನು ಹಲಗೆಗೆ ಕಟ್ಟಿಕೊಂಡು ಕುಳಿತಿರುವುದಕ್ಕೆ ಏನಾದರೂ ಕಾರಣವಿದ್ದೀತು ಎಂಬಂತೆ ಅವರು ಗೌರವದಿಂದ ಬಳಸಿ ನಡೆದು, ಹರವಿದ್ದ ಅಡಿಕೆಗೆ ಕೈಹಾಕಿ, ಒಂದು ಹಿಡಿ ಎತ್ತಿ, ಬೆರಳಿನಲ್ಲಿ ಉರುಳಿಸಿ ನೋಡಿ, ಅದರಿಂದ ಒಂದನ್ನು ಹೆಕ್ಕಿ ನನ್ನ ಮುಂದೆ ಹಿಡಿದರು. ಅಡಿಕೆ ಬೇಯಿಸಿದ ಚೊಗರು ಹತ್ತಿ ಕೆಂಪಗೆ ಮಿರುಗುತ್ತಿದ್ದ ಎಂಟನೆಯ ತಿರುಪು.

‘ಇದನ್ನು ಯಾವ ದರ್ಜೆಗೆ ಸೇರಿಸುವುದು, ರಾಶಿಗೋ, ಬೆಟ್ಟೆಗೋ?’ ಎಂದು ಕೇಳಿದರು.

ತೋಟದಿಂದ ಬಂದ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ನನ್ನ ಕಾಲ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕುಳಿತು ಪಟ್ಟಿಗಳನ್ನು ಬಹಳ ಹೊತ್ತು ಪರಿಶೀಲಿಸಿದ. ಮರ ಹತ್ತಲು ಕಾಲಿಗೆ ತಳೆ ಹಾಕಿಕೊಂಡೇ ಬದುಕು ಸಾಗಿಸಿದವನು. ‘ಹೆಗಡೇರೆ, ನಮ್ಮ ತಳೆ ಕಾಲು ಎಳೆದ್ರೆ ಬರ್ತದೆ. ಇದಕ್ಕೆ ಬಾಗಿಲು ಯಾವ ಕಡೆ?’ ಎಂದ. ನಾನು ಗೊತ್ತಿಲ್ಲ ಎಂದೆ. ಅವನು ದೊಡ್ಡ ಹಿಡಿಕೆಯ ಬುಡದಲ್ಲಿ ಅಡಗಿದ್ದ ಉಗುರಿನಷ್ಟು ಸಣ್ಣ ಹಿಡಿಕೆಯನ್ನು ಹೆಬ್ಬೆರಳಿನಿಂದ ಎತ್ತಿದ. ಪಟ್ಟಿ ಸರ್ರನೆ ಸಡಿಲವಾಯಿತು.

ಫೆಬ್ರುವರಿಯಲ್ಲಿ ಗುಲ್ಮಾರ್ಗಿನಿಂದ ಫೋನು ಬಂತು. ಬೈಂಡಿಂಗ್ ಅಲುಗಾಡಿಲ್ಲ ಅಪ್ಪ, ಗಟ್ಟಿಯಾಗಿದೆ ಎಂದು ಮಗಳು ಮೊದಲು ಹೇಳಿ, ಆಮೇಲೆ ಸ್ವಲ್ಪ ತಡೆದು, ಎರಡೇ ದಿನದಲ್ಲಿ ಅಲ್ಲಿನ ತರಬೇತುದಾರರು ತನ್ನನ್ನು ನೋಡಿ ನಿನಗೆ ಬಲಗಾಲೇ ಮುಂದೆ ಸಹಜ ಎಂದರೆಂದೂ, ಎಂಟೂ ತಿರುಪು ಬಿಚ್ಚಿ ಕೋನಗಳನ್ನು ತಿರುಗಿಸಿ ಮತ್ತೆ ಹಾಕಿದ್ದಾಯಿತೆಂದೂ ತಿಳಿಸಿದಳು. ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಬಾರದಿತ್ತು, ಕೇಳಿದೆ. ಹದಿನೈದು ನಿಮಿಷ ಎಂದಳು. ನಮಗೆ ಎಷ್ಟು ಹಿಡಿದಿತ್ತೆಂಬುದನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಕಳಿಸಿದ ವಿಡಿಯೊವನ್ನು ಅಮ್ಮನಿಗೆ ತೋರಿಸಿದೆ. ಬೆಳ್ಳಗಿನ ಇಳಿಜಾರಿನಲ್ಲಿ ಮೊಮ್ಮಗಳು ಬಲಗಾಲು ಮುಂದಿಟ್ಟು ಹತ್ತು ಮಾರು ಜಾರಿ ಕುಕ್ಕರಿಸಿ ಬೀಳುವುದನ್ನು ಅವರು ಕನ್ನಡಕ ಏರಿಸಿಕೊಂಡು ನೋಡಿದರು. ಇನ್ನೊಮ್ಮೆ ಹಾಕು ಎಂದರು. ಎರಡನೆಯ ಸಲವೂ ಪಾದಗಳನ್ನಷ್ಟೇ ನೋಡಿ, ಫೋನನ್ನು ನನ್ನ ಕೈಗೆ ಕೊಟ್ಟು, ‘ಗೋಪಿ’ ಎಂದಷ್ಟೇ ಹೇಳಿ ಅಡುಗೆಮನೆಗೆ ನಡೆದರು.