ಮೈದಾನದಲ್ಲಿ ಹೊಸ ಹೈಸ್ಕೂಲು ಕಟ್ಟಡ: ಬೇಕೆ, ಬೇಡವೆ?

ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಊರೊಂದರ ಸರ್ಕಾರಿ ಪ್ರೌಢಶಾಲೆಗೆ ಹತ್ತು ಕೊಠಡಿಗಳ ಹೊಸ ಕಟ್ಟಡ ಮಂಜೂರಾಗಿದೆ. ಹಳೆಯ ಹೆಂಚಿನ ಕಟ್ಟಡ ಮೈದಾನದ ಪಶ್ಚಿಮಕ್ಕಿದೆ; ಹೊಸದನ್ನು ಪೂರ್ವದ ತುದಿಯಲ್ಲಿ, ರಸ್ತೆಗೆ ಮುಖ ಮಾಡಿ ಕಟ್ಟಬೇಕೆಂದು ನಕ್ಷೆ ತಯಾರಾಗಿದೆ. ಎರಡೂವರೆ ಎಕರೆಯ ಮೈದಾನದಲ್ಲಿ ಇದಕ್ಕೆ ಅರ್ಧ ಎಕರೆಗೂ ಹೆಚ್ಚು ಹೋಗುತ್ತದೆ. ಅದೇ ಶಾಲೆಯಲ್ಲಿ ಕಲಿಸಿದ ನಿವೃತ್ತ ಶಿಕ್ಷಕಿಯೊಬ್ಬರು ಪರವಾಗಿಯೂ, ಅದೇ ಊರಿನ ನಿವೃತ್ತ ಎಂಜಿನಿಯರೊಬ್ಬರು ವಿರೋಧವಾಗಿಯೂ ಇಲ್ಲಿ ಬರೆದಿದ್ದಾರೆ.

ಪರ: ಮೊದಲು ಸೂರು, ಆಮೇಲೆ ಆಟ

ನಾನು ಈ ಶಾಲೆಯಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದೆ. ಅದರಲ್ಲಿ ಆರು ವರ್ಷ ಒಂಬತ್ತನೇ ತರಗತಿಯ ‘ಬಿ’ ವಿಭಾಗಕ್ಕೆ ಮೈದಾನದ ಅಂಚಿನ ಬೇವಿನ ಮರವೇ ಕೊಠಡಿಯಾಗಿತ್ತು. ಮರದ ಕೆಳಗಿನ ಪಾಠವೆಂದರೆ ಗುರುಕುಲವೆಂದು ಭಾವಿಸಿ ಕಣ್ಣರಳಿಸುವವರು ಒಮ್ಮೆ ಆಷಾಢದಲ್ಲಿ ಬಂದು ನೋಡಬೇಕಿತ್ತು. ನಮ್ಮ ಕಡೆಯ ಆಷಾಢ ಮಳೆಗಿಂತ ಹೆಚ್ಚಾಗಿ ಗಾಳಿಯ ತಿಂಗಳು. ಜೋಗಿಮಟ್ಟಿಯ ಗುಡ್ಡಸಾಲಿನ ಮೇಲೆ ಗಾಳಿಯಂತ್ರಗಳನ್ನು ಯಾರೂ ಅಂದಕ್ಕೆಂದು ನಿಲ್ಲಿಸಿಲ್ಲ. ಕಪ್ಪುಹಲಗೆಯನ್ನು ಇಬ್ಬರು ಹುಡುಗರು ಹಿಡಿದು ನಿಲ್ಲಬೇಕು, ಸೀಮೆಸುಣ್ಣದ ಪುಡಿ ನನ್ನ ಕಣ್ಣಿಗೇ ಬರಬೇಕು, ನಾನು ಕೂಗಿದ ಸೂತ್ರ ಹಿಂದಿನ ಸಾಲಿಗೆ ಮುಟ್ಟುವಷ್ಟರಲ್ಲಿ ಅರ್ಧವಾಗಿರಬೇಕು.

ಅಂಥ ಒಂದು ದಿನ ಬೀಜಗಣಿತದ ಘಟಕ ಪರೀಕ್ಷೆ ನಡೆಯುತ್ತಿತ್ತು. ಕೊನೆಯ ಹತ್ತು ನಿಮಿಷವಿರುವಾಗ ಎದ್ದ ಸುಳಿಗಾಳಿಯೊಂದು ನಾನು ಒಟ್ಟುಗೂಡಿಸುತ್ತಿದ್ದ ಉತ್ತರ ಪತ್ರಿಕೆಗಳನ್ನು ಕೈಯಿಂದ ಕಿತ್ತುಕೊಂಡು ಹೋಯಿತು. ನಲವತ್ತಕ್ಕೂ ಹೆಚ್ಚು ಮಕ್ಕಳು ಮೈದಾನದ ತುಂಬ ಕಾಗದದ ಹಿಂದೆ ಓಡಿದರು. ಆ ಮೈದಾನದಲ್ಲಿ ಹೆಣ್ಣುಮಕ್ಕಳು ಅಷ್ಟು ಓಡಿದ್ದನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಹುಪಾಲು ಸಿಕ್ಕವು. ಕೆಲವು ಬಳ್ಳಾರಿ ಜಾಲಿಯ ಬೇಲಿಗೆ ಸಿಕ್ಕಿಕೊಂಡು, ಮುಳ್ಳು ಚುಚ್ಚಿ ತೂತಾಗಿ, ಯಾವುದು ದಶಮಾಂಶದ ಚುಕ್ಕೆ, ಯಾವುದು ಮುಳ್ಳಿನ ಗುರುತು ಎಂದು ಬೆಳಕಿಗೆ ಹಿಡಿದು ನೋಡಬೇಕಾಯಿತು. ಒಬ್ಬಳದು ಮಾತ್ರ ಸಿಗಲೇ ಇಲ್ಲ. ಅವಳು ಅಳಲಿಲ್ಲ. “ಮಿಸ್, ಐದನೇ ಲೆಕ್ಕ ನನಗೆ ಬಂದಿತ್ತು” ಎಂದು ಹೇಳಿ, ಕಡ್ಡಿಯೊಂದನ್ನು ಹೆಕ್ಕಿಕೊಂಡು ಕುಕ್ಕರಗಾಲಲ್ಲಿ ಕುಳಿತು, ಆ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಣ್ಣಿನ ಮೇಲೆ ಬರೆದು ತೋರಿಸಿದಳು. ನಾನು ಐದಕ್ಕೆ ಐದು ಕೊಟ್ಟೆ. ಆ ಮೈದಾನದಿಂದ ನನ್ನ ವಿದ್ಯಾರ್ಥಿನಿಯರಿಗೆ ಆದ ಉಪಕಾರವೆಂದು ನನಗೆ ನೆನಪಿರುವುದು ಅದೊಂದೇ.

ಇದು ಕಹಿಯ ಮಾತಾಗಿ ಕೇಳಬಹುದು. ಆದರೆ ಮೈದಾನ ಯಾರದು ಎಂಬ ಪ್ರಶ್ನೆಯನ್ನು ಯಾರೂ ಕೇಳದೇ ಇರುವುದರಿಂದ ನಾನು ಕೇಳುತ್ತಿದ್ದೇನೆ. ಆಟದ ಅವಧಿಯ ಗಂಟೆ ಬಾರಿಸಿದರೆ ಹುಡುಗರು ನಡುಭಾಗವನ್ನೆಲ್ಲ ಕ್ರಿಕೆಟ್ಟಿಗೆ ಹಿಡಿಯುತ್ತಿದ್ದರು. ಹೆಣ್ಣುಮಕ್ಕಳಿಗೆ ನಲ್ಲಿಯ ಹತ್ತಿರ ಒಂದು ಥ್ರೋಬಾಲು, ಎರಡು ಸ್ಕಿಪ್ಪಿಂಗ್ ಹಗ್ಗ. ಎಂಟನೇ ತರಗತಿಯಲ್ಲಿ ಓಡುತ್ತಿದ್ದವಳು ಒಂಬತ್ತಕ್ಕೆ ಬಂದಾಗ ಗೋಡೆಗೆ ಒರಗಿ ನಿಲ್ಲುತ್ತಿದ್ದಳು. ಏಕೆಂದು ಕೇಳಿದರೆ ತಲೆ ತಗ್ಗಿಸುತ್ತಿದ್ದಳು. ಇಡೀ ಶಾಲೆಗೆ ಬಾಗಿಲಿಗೆ ಚಿಲಕವಿರುವ ಶೌಚಾಲಯ ಒಂದೇ ಒಂದು ಇದ್ದ ಕಾಲದಲ್ಲಿ ಅವಳು ಮೈದಾನಕ್ಕೆ ಇಳಿಯುವುದಾದರೂ ಹೇಗೆ? ಜಿಲ್ಲಾ ಕೇಂದ್ರದ ಕ್ರೀಡಾಂಗಣಕ್ಕೆ ಒನಕೆ ಓಬವ್ವನ ಹೆಸರಿಟ್ಟಿದ್ದೇವೆ, ಬಹಳ ಸಂತೋಷ. ಆ ಹೆಸರಿನ ಕ್ರೀಡಾಂಗಣಕ್ಕೆ ನಮ್ಮ ಶಾಲೆಯಿಂದ ಎಷ್ಟು ಹೆಣ್ಣುಮಕ್ಕಳು ಹೋಗಿ ಓಡಿದರೆಂದು ಎಣಿಸಲು ನನಗೆ ಒಂದು ಕೈಯ ಬೆರಳೂ ಪೂರ್ತಿ ಬೇಕಾಗುವುದಿಲ್ಲ. ಹೊಸ ನಕ್ಷೆಯಲ್ಲಿ ಹೆಣ್ಣುಮಕ್ಕಳಿಗೆಂದೇ ನಾಲ್ಕು ಶೌಚಾಲಯಗಳೂ ಒಂದು ವಿಶ್ರಾಂತಿ ಕೊಠಡಿಯೂ ಇವೆ. ಇದರ ಎದುರು ಮೈದಾನದ ಒಂದು ತುದಿಯನ್ನು ತೂಗಿ ನೋಡಬೇಕೆಂಬುದೇ ನನಗೆ ವಿಚಿತ್ರವಾಗಿ ಕಾಣುತ್ತದೆ.

ಇನ್ನು, ಉಳಿಸಬೇಕೆನ್ನುವ ಈ ಮೈದಾನದ ಸ್ಥಿತಿಯನ್ನು ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಬಂದು ನೋಡಬೇಕು. ಶನಿವಾರ ರಾತ್ರಿಯ ಬಾಟಲಿಗಳ ಚೂರು, ಭಾನುವಾರದ ಮದುವೆಯ ಊಟದ ಎಲೆ, ನೀರಿನ ಪ್ಯಾಕೆಟ್ಟು. ಇವನ್ನೆಲ್ಲ ಸಿಮೆಂಟಿನ ಖಾಲಿ ಚೀಲಕ್ಕೆ ಆರಿಸಿ ತುಂಬುವವರು ಮಕ್ಕಳು. ನವೆಂಬರ್ ಬಂದರೆ ಅರ್ಧ ಮೈದಾನ ಮೆಕ್ಕೆಜೋಳ ಒಣಗಿಸುವ ಕಣ. ಚುನಾವಣೆ ಬಂದರೆ ಸಭಾಂಗಣ. ಉಳಿದ ದಿನಗಳಲ್ಲಿ ಕಾರು ಕಲಿಯುವವರ ಎಂಟಿನಾಕಾರದ ಚಕ್ರದ ಗುರುತು. ಊರಿನ ಎಲ್ಲ ಕೆಲಸಕ್ಕೂ ಆಗುವ ಜಾಗದಲ್ಲಿ ಶಾಲೆಯ ಕೊಠಡಿಯೊಂದಕ್ಕೆ ಮಾತ್ರ ಜಾಗವಿಲ್ಲವೆಂದು ಹೇಳಿದರೆ ನಂಬುವುದು ಹೇಗೆ?

ಶಿಕ್ಷಣ ಹಕ್ಕು ಕಾಯ್ದೆ 2009ರಲ್ಲೇ ಬಂದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಅನುಸೂಚಿಯು ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ, ಗಂಡು ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ, ಎಲ್ಲ ಹವಾಮಾನಕ್ಕೂ ತಾಳುವ ಕಟ್ಟಡ ಇರಬೇಕೆಂದು ಹೇಳುತ್ತದೆ. ಎಲ್ಲ ಹವಾಮಾನಕ್ಕೂ ತಾಳುವ ಬೇವಿನ ಮರವೆಂದು ಎಲ್ಲೂ ಹೇಳಿಲ್ಲ. 2023ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ಸಿಹಿ ಹಂಚಿದವರು, ಆ ಮಕ್ಕಳು ಎಲ್ಲಿ ಕುಳಿತು ಓದಿದರೆಂದು ಕೇಳಿದ್ದರೆ ಈ ಚರ್ಚೆ ಆಗಲೇ ಮುಗಿದಿರುತ್ತಿತ್ತು.

ವಿರೋಧಿಸುವವರು ಏನು ಹೇಳುತ್ತಾರೆಂಬುದು ನನಗೆ ಗೊತ್ತಿದೆ. ದಾವಣಗೆರೆಯ ವಿನಯ್ ಕುಮಾರ್ ಹೆಸರು ಹೇಳುತ್ತಾರೆ. ಅವರ ನಾಯಕತ್ವದಲ್ಲಿ ಕರ್ನಾಟಕ 2013-14ರಲ್ಲೂ 2014-15ರಲ್ಲೂ ರಣಜಿ ಗೆದ್ದದ್ದನ್ನು ಹೇಳುತ್ತಾರೆ. ನನಗೂ ಅವರ ಮೇಲೆ ಅಭಿಮಾನವಿದೆ. ಆದರೆ ಒಬ್ಬ ವಿನಯ್ ಕುಮಾರ್ ಬರಬಹುದೆಂದು ಕಾಯುತ್ತ, ಬಿಸಿಲಿನಲ್ಲಿ ಕೂತು ಸಮೀಕರಣ ಬಿಡಿಸುವ ಉಳಿದವರನ್ನು ಎಷ್ಟು ವರ್ಷ ಕಾಯಿಸುವುದು? ಕಟ್ಟಡ ಪೂರ್ವಕ್ಕೆ ಬಂದರೆ ನೂರು ಮೀಟರ್ ಓಟಕ್ಕೆ ಉದ್ದ ಸಾಲದೆಂದೂ ಒಂದು ಆಕ್ಷೇಪ ಕೇಳಿದೆ. ಇದನ್ನು ಹೇಳುವವರಲ್ಲಿ ಹೆಚ್ಚಿನವರು ನಲವತ್ತು ವರ್ಷದ ಹಿಂದೆ ಒಮ್ಮೆ ನೂರು ಮೀಟರ್ ಓಡಿ, ಈಗ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು ಅಲ್ಲೇ ನಡೆಯುವ ಹಿರಿಯರು. ಅವರ ನಡಿಗೆಗೆ ಏನೂ ಕೊರತೆಯಾಗುವುದಿಲ್ಲ. ಖೋ-ಖೋ ಅಂಕಣಕ್ಕೆ ಬೇಕಾದದ್ದು 27 ಮೀಟರ್‌ಗೆ 16, ಹೆಣ್ಣುಮಕ್ಕಳ ಕಬಡ್ಡಿಗೆ 12ಕ್ಕೆ 8, ವಾಲಿಬಾಲಿಗೆ 18ಕ್ಕೆ 9. ಮೂರೂ ಉಳಿದ ಜಾಗದಲ್ಲಿ ಧಾರಾಳವಾಗಿ ಹಿಡಿಸುತ್ತವೆ. ಹಳೆಯದನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಿ ಎಂಬುವವರು, ಕಟ್ಟುವ ಎರಡು ವರ್ಷ ಮಕ್ಕಳು ಎಲ್ಲಿ ಕೂರಬೇಕೆಂದು ಹೇಳುವುದಿಲ್ಲ. ನನಗೆ ಉತ್ತರ ಗೊತ್ತಿದೆ: ಬೇವಿನ ಮರ ಇನ್ನೂ ಅಲ್ಲೇ ಇದೆ.

– ನಿವೃತ್ತ ಸಹಶಿಕ್ಷಕಿ

ವಿರೋಧ: ನೂರು ಮೀಟರ್ ಮತ್ತು ಇಪ್ಪತ್ತಮೂರು ಗುಂಟೆ

ಸಂಪಾದಕರು ವಿರೋಧವಾಗಿ ಬರೆದುಕೊಡಿ ಎಂದಾಗ ನಾನು ಒಪ್ಪಿಕೊಂಡೆ. ಆದರೆ ಸರ್ಕಾರಿ ಕಟ್ಟಡಗಳನ್ನು ಕಟ್ಟಿಸುತ್ತಲೇ ತಲೆ ನರೆಸಿಕೊಂಡವನಿಗೆ ಕಟ್ಟಡ ಬೇಡವೆನ್ನುವುದು ಸುಲಭವಲ್ಲ. ಮೇಡಂನವರ ಲೇಖನವನ್ನು ಓದಲು ಕೊಟ್ಟಿದ್ದರು. ವಿನಯ್ ಕುಮಾರ್ ಹೆಸರಿನಿಂದ ಆರಂಭಿಸಬೇಕೆಂದುಕೊಂಡಿದ್ದೆ. ಅದನ್ನು ಅವರೇ ತೆಗೆದುಕೊಂಡುಬಿಟ್ಟಿದ್ದಾರೆ. ಮಫ್ಲರ್ ಕಟ್ಟಿಕೊಂಡು ನಡೆಯುವವರ ಪೈಕಿ ನಾನೂ ಒಬ್ಬನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ಹೆಣ್ಣುಮಕ್ಕಳು ಮೈದಾನಕ್ಕೆ ಇಳಿಯುವುದಿಲ್ಲ, ಆದ್ದರಿಂದ ಮೈದಾನ ಹೋದರೂ ಚಿಂತೆಯಿಲ್ಲವೆಂಬುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಅವರು ಉಲ್ಲೇಖಿಸಿದ ಕಾಯ್ದೆಯ ಅನುಸೂಚಿಯಲ್ಲಿ ಕೊಠಡಿ, ಶೌಚಾಲಯಗಳ ಜೊತೆಗೇ ಆಟದ ಮೈದಾನವೂ ಇದೆ. ಗಣಿತದ ಶಿಕ್ಷಕಿ ಒಂದು ಸಾಲನ್ನು ಬಿಟ್ಟು ಓದಿದ್ದಾರೆ. ಆಟದಿಂದ ಶಿಸ್ತು, ಆರೋಗ್ಯ, ಒಗ್ಗಟ್ಟು ಬೆಳೆಯುತ್ತವೆ ಎಂಬುದನ್ನು ಎಲ್ಲರೂ ಬರೆಯುವುದರಿಂದ ನಾನೂ ಇಲ್ಲಿ ಬರೆದಿದ್ದೇನೆ. ಖಾಲಿಯಾಗಿ ಕಾಣುವ ನೆಲ ನಿಜವಾಗಿ ಖಾಲಿಯಾಗಿರುವುದಿಲ್ಲ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ಸಂಸ್ಥೆಗಳಿಗೆ ಹಂಚಿಕೆಯಾದಾಗ ಅದು ಹಂಚುವವರ ಕಣ್ಣಿಗೆ ಖಾಲಿ, ಕುರಿ ಮೇಯಿಸುವವರಿಗಲ್ಲ.

ಈಗ ಅಳತೆಗೆ ಬರೋಣ, ನನಗೆ ನೆಮ್ಮದಿಯ ಜಾಗ ಅದು. ಮೈದಾನ ಪೂರ್ವ ಪಶ್ಚಿಮವಾಗಿ 130 ಮೀಟರ್, ಉತ್ತರ ದಕ್ಷಿಣವಾಗಿ 78 ಮೀಟರ್. ಕಳೆದ ವಾರ ದೈಹಿಕ ಶಿಕ್ಷಕರು ಟೇಪಿನ ಒಂದು ತುದಿ ಹಿಡಿದರು, ನಾನು ಇನ್ನೊಂದು. 20 ಅಡಿಗೆ 24 ಅಡಿಯ ಹತ್ತು ಕೊಠಡಿಗಳಿಗೆ ಬೇಕಾಗುವುದು 4,800 ಚದರ ಅಡಿ, ಅಂದರೆ ನಾಲ್ಕೂವರೆ ಗುಂಟೆಯೊಳಗೆ. ಆದರೆ ಈ ನಕ್ಷೆ ಪೂರ್ವದಲ್ಲಿ 30 ಮೀಟರ್ ಅಗಲದ ಪಟ್ಟಿಯನ್ನು ಉದ್ದಕ್ಕೂ ತೆಗೆದುಕೊಳ್ಳುತ್ತದೆ. ಅದು 23 ಗುಂಟೆ. ಉಳಿದದ್ದೆಲ್ಲ ಎಲ್ಲಿಗೆ ಹೋಯಿತೆಂದರೆ ಮುಂಭಾಗದ ಅಂಗಳ, ಧ್ವಜಕಟ್ಟೆ, ಸೈಕಲ್ ನಿಲ್ದಾಣ, ಸೆಪ್ಟಿಕ್ ಟ್ಯಾಂಕ್, ಕಮಾನು. ಕಟ್ಟಡ ಮೈದಾನವನ್ನು ತಿನ್ನುವುದು ಪಾಯದಿಂದಲ್ಲ, ಪಾಯದ ಸುತ್ತಲಿನ ಸಾಮಾನಿನಿಂದ. ಉದ್ದ 130ರಿಂದ 100ಕ್ಕೆ ಇಳಿದರೆ ನೂರು ಮೀಟರ್ ಓಟ ಸತ್ತಂತೆಯೇ, ಏಕೆಂದರೆ ಓಡುವವರು ಗೆರೆ ದಾಟಿದ ಮೇಲೆ ನಿಲ್ಲಲು ಇನ್ನೂ ಹದಿನೈದು ಇಪ್ಪತ್ತು ಮೀಟರ್ ಬೇಕು. ಗೋಡೆಗೆ ಡಿಕ್ಕಿ ಹೊಡೆದು ನಿಲ್ಲಲಾಗುವುದಿಲ್ಲ. ಇದನ್ನು ತಪ್ಪಿಸಲು ಕಟ್ಟಡವನ್ನೇ ಬಿಡಬೇಕಾಗಿಲ್ಲ (ಇಲ್ಲಿ ನಾನು ಸಂಪಾದಕರಿಗೆ ಕೊಟ್ಟ ಮಾತು ಸ್ವಲ್ಪ ತಪ್ಪುತ್ತಿದ್ದೇನೆ). ಉತ್ತರದ ಗೋಡೆಗುಂಟ, ಕೆಳಗೆ ಐದು ಮೇಲೆ ಐದು ಕೊಠಡಿಗಳಂತೆ ಒಂದೇ ಸಾಲಿನಲ್ಲಿ ಕಟ್ಟಿದರೆ 16 ಮೀಟರ್ ಅಗಲ ಸಾಕು. ಆಗ 130ಕ್ಕೆ 62 ಮೀಟರ್ ಉಳಿಯುತ್ತದೆ. ಆರು ಓಣಿಗಳ 200 ಮೀಟರ್ ಟ್ರ್ಯಾಕಿಗೆ ಸುಮಾರು 97ಕ್ಕೆ 47 ಬೇಕು, ಅದೂ ಹಿಡಿಸುತ್ತದೆ. ಇದಕ್ಕಿರುವ ಒಂದೇ ಅಡ್ಡಿ, ಕಟ್ಟಡ ರಸ್ತೆಗೆ ಕಾಣುವುದಿಲ್ಲ. ಉದ್ಘಾಟನೆಯ ಕಲ್ಲು ರಸ್ತೆಗೆ ಕಾಣಬೇಕೆಂಬ ಆಸೆ ಎಷ್ಟು ಮೈದಾನಗಳನ್ನು ನುಂಗಿದೆಯೆಂಬುದನ್ನು ನನ್ನ ಸೇವೆಯಲ್ಲಿದ್ದವರು ಬಲ್ಲರು.

ಪೂರ್ವದ ತುದಿಯ ಬಗ್ಗೆ ನನ್ನ ಅಳುಕಿಗೆ ಇನ್ನೊಂದು ಕಾರಣವಿದೆ. ಅದನ್ನು ಹೇಳದೆ ಈ ಲೇಖನ ಮುಗಿಸಲಾರೆ. ನನಗೆ ಇಪ್ಪತ್ತೇಳು ವರ್ಷವಾಗಿದ್ದಾಗ ಬೇರೊಂದು ಊರಿನಲ್ಲಿ ಹೀಗೆಯೇ ಶಾಲಾ ಮೈದಾನದ ತಗ್ಗಿನ ಮೂಲೆಯಲ್ಲಿ ಆರು ಕೊಠಡಿ ಕಟ್ಟಿದೆವು. ಎರೆ ಮಣ್ಣು. ಪರೀಕ್ಷೆಯ ಗುಂಡಿಯಲ್ಲಿ ಪಾಯ ಕೂರಬೇಕಾದ ಗಟ್ಟಿ ಗರಸು ಸಿಕ್ಕದ್ದು ಏಳು ಅಡಿಗೆ. ಪಾಯ ನಿಂತದ್ದು ನಾಲ್ಕು ಅಡಿಗೆ. ಮಾರ್ಚ್ ಕೊನೆಯಾಗಿತ್ತು, ಅನುದಾನ ವಾಪಸು ಹೋಗುತ್ತದೆಂದು ಎಲ್ಲರಿಗೂ ಅವಸರ. ಅಳತೆ ಪುಸ್ತಕಕ್ಕೆ ಸಹಿ ಹಾಕಿದವನು ನಾನೇ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿಬಿಡುತ್ತದೆ. ಎರಡನೇ ಬೇಸಿಗೆಗೆ ಕಿಟಕಿಯ ಲಿಂಟಲ್ಲಿನ ಮೂಲೆಯಿಂದ ಬಿರುಕೊಂದು ಓರೆಯಾಗಿ ಏರಿತು. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು ಅದಕ್ಕೆ ಅಡ್ಡವಾಗಿ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಕೂರಿಸಿ ಬಂದೆ. ತಿಂಗಳು ಬಿಟ್ಟು ಹೋದಾಗ ಗಾಜು ಎರಡು ತುಂಡಾಗಿತ್ತು. ಅಲ್ಲಿನ ಮುಖ್ಯ ಶಿಕ್ಷಕರು ಏನೂ ಮಾತಾಡದೆ ಬಿದ್ದ ತುಂಡನ್ನು ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಮಕ್ಕಳು ಹಳೆಯ ಕಟ್ಟಡಕ್ಕೆ ಮರಳಿದರು. ಹೊಸದಕ್ಕೆ ಬೀಗ ಬಿತ್ತು, ಗೋಡೆ ಬಿದ್ದೀತೆಂದು ಅದರ ಸುತ್ತ ಆಡಲೂ ಬಿಡಲಿಲ್ಲ. ಅಲ್ಲಿಗೆ ಆ ಶಾಲೆಗೆ ಕೊಠಡಿಯೂ ಇಲ್ಲ, ಮೈದಾನವೂ ಇಲ್ಲ.

ನಮ್ಮೂರಿನ ಮೈದಾನದಲ್ಲಿಯೂ ಮಳೆ ಬಂದಾಗ ನೀರು ನಿಲ್ಲುವುದು ಪೂರ್ವದ ತುದಿಯಲ್ಲಿಯೇ. ನಾಲ್ಕು ದಿನವಾದರೂ ಇಂಗುವುದಿಲ್ಲ. ನಕ್ಷೆಯ ಜೊತೆಗಿನ ಕಾಗದಗಳಲ್ಲಿ ಮಣ್ಣಿನ ಪರೀಕ್ಷೆಯ ವರದಿ ನನಗೆ ಕಾಣಲಿಲ್ಲ. ಟೆಂಡರ್ ಕರೆಯುವ ಮುನ್ನ ಪೂರ್ವದಲ್ಲೊಂದು, ಉತ್ತರದಲ್ಲೊಂದು ಗುಂಡಿ ತೋಡಿಸಿ ಗರಸು ಎಷ್ಟು ಆಳಕ್ಕೆ ಸಿಗುತ್ತದೆಂದು ನೋಡಬೇಕು. ಇಬ್ಬರು ಆಳುಗಳ ಒಂದೆರಡು ದಿನದ ಕೆಲಸ ಅದು. ಕೂಲಿಯನ್ನು ನಾನೇ ಕೊಡುತ್ತೇನೆಂದು ಮುಖ್ಯ ಶಿಕ್ಷಕರಿಗೆ ಹೇಳಿ ಬಂದಿದ್ದೇನೆ.

– ನಿವೃತ್ತ ಎಂಜಿನಿಯರ್