ಆಟೋಸ್ಕೇಲಿಂಗ್‌ಗೂ ಮೊದಲು ಬೇಡಿಕೆಯ ಅಂದಾಜು ಸರಿಯಿರಲಿ
ಕ್ಲೌಡ್‌ನಲ್ಲಿ ಆಟೋಸ್ಕೇಲಿಂಗ್ (ಹೊರೆಗೆ ತಕ್ಕಂತೆ ಸಂಪನ್ಮೂಲಗಳನ್ನು ತಾನಾಗಿಯೇ ಹೆಚ್ಚು ಕಡಿಮೆ ಮಾಡುವ ವ್ಯವಸ್ಥೆ) ಅಳವಡಿಸಿದರೆ ಸಂಪನ್ಮೂಲಗಳ ಹೊಂದಾಣಿಕೆ ತಾನಾಗಿಯೇ ಆಗುತ್ತದೆ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ; ಆ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. 2014ರಲ್ಲಿ ಗೂಗಲ್ ಮುಕ್ತ ತಂತ್ರಾಂಶವಾಗಿ ಹೊರತಂದ ಕುಬರ್ನೆಟೀಸ್‌ ಅನ್ನೇ (ಹಲವು ಯಂತ್ರಗಳ ಗುಂಪಿನಲ್ಲಿ ತಂತ್ರಾಂಶಗಳನ್ನು ನಡೆಸಿ ನಿರ್ವಹಿಸುವ ವ್ಯವಸ್ಥೆ) ನೋಡಿ: ಒಂದು ಪಾಡ್ ಅನ್ನು, ಅಂದರೆ ಅದು ನಡೆಸುವ ತಂತ್ರಾಂಶದ ಒಂದು ಘಟಕವನ್ನು, ಯಾವ ಯಂತ್ರದಲ್ಲಿ ಇರಿಸಬೇಕೆಂದು ನಿರ್ಧರಿಸುವಾಗ ಅದರ ಶೆಡ್ಯೂಲರ್, ಆ ಕ್ಷಣಕ್ಕೆ ನಿಜವಾಗಿ ಬಳಕೆಯಾಗುತ್ತಿರುವ ಸಿಪಿಯು ಮತ್ತು ಮೆಮೊರಿಯನ್ನಲ್ಲ, ಪಾಡ್‌ಗೆ ಇಷ್ಟು ಬೇಕೆಂದು ನಾವು ಮೊದಲೇ ಬರೆದುಕೊಟ್ಟ ಬೇಡಿಕೆಯ ಮೊತ್ತವನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹೀಗಾಗಿ, ಅಂಜಿಕೆಯಿಂದ ಬೇಡಿಕೆಯನ್ನು ಹಿಗ್ಗಿಸಿ ಬರೆದರೆ, ಯಂತ್ರಗಳು ಬಹುಪಾಲು ಖಾಲಿಯಿದ್ದರೂ ಭರ್ತಿಯಾದವೆಂದೇ ಪರಿಗಣಿತವಾಗಿ, ಕ್ಲಸ್ಟರ್ ಆಟೋಸ್ಕೇಲರ್ ಹೊಸ ಯಂತ್ರಗಳನ್ನು ಸೇರಿಸುತ್ತ ಹೋಗುತ್ತದೆ; ಬಾಡಿಗೆ ಏರುತ್ತದೆ, ನಡೆಯುವ ಕೆಲಸ ಮಾತ್ರ ಅಷ್ಟೇ ಇರುತ್ತದೆ.

ಬೇಡಿಕೆಯ ಜೊತೆಗೆ, ಪಾಡ್ ಹೆಚ್ಚೆಂದರೆ ಎಷ್ಟು ಬಳಸಬಹುದೆಂದು ನಾವು ವಿಧಿಸುವ ಮಿತಿಗಳ ವಿಷಯದಲ್ಲಿ ಇನ್ನೊಂದು ವ್ಯತ್ಯಾಸವನ್ನೂ ಲೇಖನ ಹೇಳಬೇಕಿತ್ತು. ಸಿಪಿಯು ಮಿತಿಯನ್ನು ಮುಟ್ಟಿದ ಪ್ರಕ್ರಿಯೆ ನಿಧಾನವಾಗುತ್ತದೆ ಅಷ್ಟೆ. ಮೆಮೊರಿ ಮಿತಿಯನ್ನು ಮೀರಿದ್ದನ್ನು ಲಿನಕ್ಸ್ ಕರ್ನಲ್ ನಿಲ್ಲಿಸಿಯೇ ಬಿಡುತ್ತದೆ. ಎರಡಕ್ಕೂ ಒಂದೇ ಅಳತೆಗೋಲು ಸಲ್ಲದು.

ನನ್ನ ದೃಷ್ಟಿಯಲ್ಲಿ, ಕೆಲವು ವಾರಗಳ ನೈಜ ಬಳಕೆಯನ್ನು, ಸರಾಸರಿಯಷ್ಟೇ ಅಲ್ಲದೆ ಹೊರೆ ಹೆಚ್ಚಿದ ಹೊತ್ತಿನ ಅಂಕಿಗಳನ್ನೂ ಗಮನಿಸಿ, ಬೇಡಿಕೆಯನ್ನು ತಿದ್ದಿಕೊಂಡ ಮೇಲೆಯೇ ಆಟೋಸ್ಕೇಲಿಂಗ್ ಆರಂಭಿಸುವುದು ಒಳಿತು. ಸಿಪಿಯು ಬಳಕೆಯ ಶೇಕಡಾವಾರು ಗುರಿಯಿಟ್ಟು ಪಾಡ್‌ಗಳ ಸಂಖ್ಯೆಯನ್ನು ಹೆಚ್ಚಿಸುವ ವ್ಯವಸ್ಥೆಯೂ ಅದೇ ಬೇಡಿಕೆಯ ಅಂಕಿಯನ್ನು ಆಧಾರವಾಗಿ ಹಿಡಿಯುವುದರಿಂದ, ಆ ಅಂಕಿ ಅತಿಯಾಗಿದ್ದರೆ ಬಳಕೆಯ ಶೇಕಡಾವಾರು ಕಡಿಮೆಯಾಗಿ ಕಂಡು, ಹೊರೆ ಏರಿದಾಗಲೂ ಹೊಸ ಪಾಡ್‌ಗಳು ತಡವಾಗಿಯೇ ಬರುತ್ತವೆ.