ಪಾರ್ಕಿಂಗ್ ಕಟ್ಟಡಕ್ಕೆ ಸಹಿ ಹಾಕುವ ಮುಂಚೆ ಬೀದಿ ಎಣಿಸಿ

‘ಮಾರುಕಟ್ಟೆ ಪ್ರದೇಶದಲ್ಲಿ ಬಹುಮಹಡಿ ವಾಹನ ನಿಲುಗಡೆ’ ಅನ್ನುವ ಡಿಪಿಆರ್ (ವಿವರವಾದ ಯೋಜನಾ ವರದಿ) ಪಾಲಿಕೆ ಆಯುಕ್ತರ ಮೇಜಿಗೆ ಬರುವ ಹೊತ್ತಿಗೆ ಬೇಡ ಅನ್ನುವವರು ಊರಲ್ಲಿ ಯಾರೂ ಉಳಿದಿರುವುದಿಲ್ಲ. ವರ್ತಕರಿಗೆ ಬೇಕು, ಶಾಸಕರಿಗೆ ಶಂಕುಸ್ಥಾಪನೆ ಬೇಕು, ಗುತ್ತಿಗೆದಾರರ ಮಾತಂತೂ ಬಿಡಿ. ಹಾಗಾಗಿ ಲೆಕ್ಕ ಕೇಳುವ ಕೆಲಸ ಆಯುಕ್ತರ ತಲೆಗೇ ಬೀಳುತ್ತದೆ.

ಬೆಂಗಳೂರಿನ ಫ್ರೀಡಂ ಪಾರ್ಕ್ ಪಕ್ಕದ ಕಟ್ಟಡ ನೋಡಿ. 2024ರಲ್ಲಿ ಶುರುವಾಯಿತು. 556 ಕಾರು, 445 ಬೈಕಿಗೆ ಜಾಗ, ಖರ್ಚು ಸುಮಾರು 80 ಕೋಟಿ ರೂಪಾಯಿ. ಜಾಗದ ಬೆಲೆ ಇದರಲ್ಲಿಲ್ಲ. ಈ ದುಡ್ಡಿಗೆ ಶೇ 8ರ ಬಡ್ಡಿ ಹಿಡಿದರೂ ವರ್ಷಕ್ಕೆ 6.4 ಕೋಟಿ, ದಿನಕ್ಕೆ 1.75 ಲಕ್ಷ. ಇಷ್ಟನ್ನೂ ಕಾರುಗಳಿಂದಲೇ ಎತ್ತುವುದಾದರೆ ಒಂದೊಂದು ಜಾಗವೂ ದಿನಕ್ಕೆ 315 ರೂಪಾಯಿ ದುಡಿಯಬೇಕು. ಗಂಟೆಗೆ 25 ರೂಪಾಯಿ ಇಟ್ಟುಕೊಂಡರೆ ಹನ್ನೆರಡೂವರೆ ಗಂಟೆ, ಭಾನುವಾರವೂ ಬಿಡದೆ. ಕಾವಲು, ಕರೆಂಟು, ಲಿಫ್ಟ್ ರಿಪೇರಿ ಇನ್ನೂ ಸೇರಿಸಿಲ್ಲ. ಸಾರ್ವಜನಿಕ ಸೇವೆ, ನಷ್ಟವಾದರೂ ಆಗಲಿ ಅನ್ನಬಹುದು. ಆಗ ಬಸ್ಸಿನಲ್ಲಿ ಬಂದು ಹೋಗುವವರ ತೆರಿಗೆಯೂ ಕಾರಿನವರ ನೆರಳಿಗೆ ಹೋಗುತ್ತದೆ ಅಂತ ಒಪ್ಪಿಕೊಂಡೇ ಸಹಿ ಹಾಕಬೇಕು.

ಇಂಥ ಕಟ್ಟಡ ಖಾಲಿ ಹೊಡೆದರೆ ಅದಕ್ಕೆ ಕಾರಣ ಕಟ್ಟಡದೊಳಗೆ ಇರುವುದಿಲ್ಲ, ಹೊರಗಿನ ಬೀದಿಯಲ್ಲಿರುತ್ತದೆ. ಅಂಗಡಿ ಮುಂದೆ ಪುಕ್ಕಟೆ ನಿಲ್ಲಿಸಬಹುದಾದರೆ ಮೂರನೇ ಮಹಡಿಗೆ ದುಡ್ಡು ಕೊಟ್ಟು ಯಾರು ಹತ್ತುತ್ತಾರೆ? ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಶೂಪ್ ಜೀವನಪೂರ್ತಿ ಹೇಳಿದ್ದು ಇದನ್ನೇ: ಬೀದಿಯ ಜಾಗದಲ್ಲಿ ಸುಮಾರು ಶೇ 85 ತುಂಬಿ, ಯಾವಾಗಲೂ ಒಂದೆರಡು ಖಾಲಿ ಸಿಗುವಂತೆ ಶುಲ್ಕ ಇಡಿ. ಬೀದಿಯ ದರ ಕಟ್ಟಡದ ದರಕ್ಕಿಂತ ಹೆಚ್ಚಿರಬೇಕು. ನಮ್ಮಲ್ಲಿ ಇದು ತಲೆಕೆಳಗು. ಇನ್ನೊಂದು ತೊಡಕೂ ಇದೆ. ಶುಲ್ಕ ಪಾಲಿಕೆಯದು, ದಂಡ ಮತ್ತು ಟೋಯಿಂಗ್ ಸಂಚಾರ ಪೊಲೀಸರದು. ಸುತ್ತಲಿನ ರಸ್ತೆಗಳಲ್ಲಿ ನೋ ಪಾರ್ಕಿಂಗ್ ಜಾರಿ ಮಾಡುವ ಬಗ್ಗೆ ಪೊಲೀಸರಿಂದ ಲಿಖಿತ ಒಪ್ಪಿಗೆ ಇಲ್ಲದಿದ್ದರೆ ಟೆಂಡರ್ ಕರೆಯಲೇಬಾರದು.

ಹಾಗಾದರೆ ಮೊದಲು ಮಾಡಬೇಕಾದ್ದೇನು? ಎಣಿಕೆ. ಬೀದಿಯೊಂದಕ್ಕೆ ಇಬ್ಬರು, ಕೈಯಲ್ಲಿ ಒಂದು ಹಾಳೆ. ಬೆಳಿಗ್ಗೆ 8ರಿಂದ ರಾತ್ರಿ 9ರವರೆಗೆ ಪ್ರತಿ ಅರ್ಧ ಗಂಟೆಗೊಮ್ಮೆ ನಡೆದು, ನಿಂತ ವಾಹನಗಳ ನಂಬರಿನ ಕೊನೆಯ ನಾಲ್ಕು ಅಂಕಿ ಬರೆದುಕೊಳ್ಳುವುದು. ಒಂದು ಮಾಮೂಲಿ ಕೆಲಸದ ದಿನ, ಒಂದು ಶನಿವಾರ. ಸಂಜೆಗೆ ಹಾಳೆ ನೋಡಿದರೆ ಯಾವ ಗಾಡಿ ಇಡೀ ದಿನ ಅಲ್ಲಾಡಿಲ್ಲ ಅಂತ ಗೊತ್ತಾಗುತ್ತದೆ. ಅವುಗಳಲ್ಲಿ ಗಿರಾಕಿಗಳವೆಷ್ಟು, ಅಂಗಡಿ ಮಾಲೀಕರವು ಮತ್ತು ಕೆಲಸದವರವೆಷ್ಟು ಅಂತ ವಿಚಾರಿಸಿ. ಪಾರ್ಕಿಂಗ್ ಇಲ್ಲ ಎಂದು ಮನವಿ ಕೊಟ್ಟವರ ಕಾರೇ ಗಿರಾಕಿಯ ಜಾಗದಲ್ಲಿ ನಿಂತಿದ್ದರೆ ಆಶ್ಚರ್ಯಪಡಬೇಡಿ. ಹತ್ತು ಗಂಟೆ ನಿಲ್ಲುವ ಒಂದು ಕಾರು ಕದಲಿದರೆ ಅರ್ಧ ಗಂಟೆಯ ಇಪ್ಪತ್ತು ಗಿರಾಕಿಗಳಿಗೆ ಜಾಗ.

ಎರಡನೆಯದು, ಅಕ್ಕಪಕ್ಕದ ವಾಣಿಜ್ಯ ಕಟ್ಟಡಗಳ ಮಂಜೂರಾದ ನಕ್ಷೆ ತೆಗೆಸಿ. ನಕ್ಷೆಯಲ್ಲಿ ಪಾರ್ಕಿಂಗ್ ಅಂತಿರುವ ಬೇಸ್‌ಮೆಂಟಿನಲ್ಲಿ ಈಗ ಗೋದಾಮೋ ಬಟ್ಟೆ ಅಂಗಡಿಯೋ ಇರುತ್ತದೆ. ಅವನ್ನು ತೆರವು ಮಾಡಿಸಿದರೆ ಒಂದು ಚೀಲ ಸಿಮೆಂಟ್ ಇಲ್ಲದೆ ಜಾಗ ಸಿಗುತ್ತದೆ. ರಾಜಕೀಯವಾಗಿ ಕಷ್ಟ, ನಿಜ.

ಇಷ್ಟಾದ ಮೇಲೂ ಕೊರತೆ ಉಳಿದರೆ ಕಟ್ಟಿ. ಆದರೆ ನಕ್ಷೆಯನ್ನು ಕಣ್ಣಿಟ್ಟು ನೋಡಿ. ಕಾರು ನಿಲ್ಲುವುದು 2.5 × 5 ಮೀಟರಿನಲ್ಲಿ, ಅಂದರೆ 12.5 ಚದರ ಮೀಟರ್. ಓಡಾಟದ ದಾರಿ, ರ‍್ಯಾಂಪ್ ಸೇರಿದರೆ ಬೇಸ್‌ಮೆಂಟಿನಲ್ಲಿ ತಲಾ 32 ಚದರ ಮೀಟರ್ ಹಿಡಿಯುವುದು ವಾಡಿಕೆ. ಡಿಪಿಆರ್‌ನಲ್ಲಿ 22 ಅಂತಿದ್ದರೆ ತಿರುವಿನಲ್ಲೋ ಕಂಬದ ಪಕ್ಕದಲ್ಲೋ ಮೋಸವಿದೆ. ಬೈಕಿನವರಿಗೆ ನೆಲಮಹಡಿಯನ್ನೇ ಕೊಡಿ, ಮೇಲಕ್ಕೆ ಹತ್ತಿಸಿದರೆ ಅವರು ಫುಟ್‌ಪಾತಿಗೇ ವಾಪಸ್. ಕಾರು ತಡೆದು ಬಿಡುವ ಏರಿಳಿಯುವ ಅಡ್ಡಪಟ್ಟಿಯನ್ನು (ಬೂಮ್ ಗೇಟ್) ರಸ್ತೆಯ ಅಂಚಿಗೆ ಇಡಬೇಡಿ. ಚೀಟಿ ಹರಿದು ಚಿಲ್ಲರೆ ಕೊಡಲು ಒಂದು ಕಾರಿಗೆ 30 ಸೆಕೆಂಡ್ ಹಿಡಿದರೆ ಗಂಟೆಗೆ 120 ಕಾರಷ್ಟೇ ಒಳಗೆ ಹೋಗುತ್ತವೆ. ಗೇಟಿಗೂ ರಸ್ತೆಗೂ ನಡುವೆ ಐದಾರು ಕಾರು ಸಾಲು ನಿಲ್ಲುವ ಜಾಗವಿರದಿದ್ದರೆ ಕಟ್ಟಡವೇ ಟ್ರಾಫಿಕ್ ಜಾಮ್ ಮಾಡುತ್ತದೆ.

ಕಾರನ್ನು ಪ್ಯಾಲೆಟ್ ಅನ್ನುವ ತಟ್ಟೆಯ ಮೇಲಿಟ್ಟು ಲಿಫ್ಟಿನಲ್ಲಿ ಎತ್ತಿಡುವ ಯಾಂತ್ರಿಕ ಪಾರ್ಕಿಂಗ್ ತೋರಿಸಿದರೆ ಎತ್ತರ ಕೇಳಿ. 1.55 ಮೀಟರ್ ಎತ್ತರ ಬಿಟ್ಟ ಪ್ಯಾಲೆಟ್‌ಗೆ ಸೆಡಾನ್ ಹೋಗುತ್ತದೆ, ಈಗಿನ ಎಸ್‌ಯುವಿ ಹೋಗುವುದಿಲ್ಲ. ಸಿನಿಮಾ ಬಿಟ್ಟಾಗ ನಲವತ್ತು ಜನ ಒಟ್ಟಿಗೆ ಬಂದರೆ, ಒಂದೇ ಲಿಫ್ಟಿನಲ್ಲಿ ಕಾರಿಗೆ ಎರಡು ನಿಮಿಷದಂತೆ ಕೊನೆಯವರು ಎಂಬತ್ತು ನಿಮಿಷ ಕಾಯಬೇಕು.

ನೆಲದಡಿ ಅಂದರೆ ಇನ್ನೂ ಎಚ್ಚರ. ಮೈಸೂರಿನ ಪುರಭವನದ ಆವರಣದಲ್ಲಿ ಕೈಗೆತ್ತಿಕೊಂಡ ನೆಲದಡಿಯ ಪಾರ್ಕಿಂಗ್ ಹತ್ತು ವರ್ಷ ದಾಟಿದರೂ ಮುಗಿಯದೆ ಎಳೆದಾಡಿತು. ರ‍್ಯಾಂಪಿನ ಬಾಯಿಯಲ್ಲಿ ರಸ್ತೆಗಿಂತ ಎತ್ತರದ ಉಬ್ಬು, ಅದರ ಹಿಂದೆ ಅಡ್ಡ ಜಾಲರಿ ಚರಂಡಿ, ಜನರೇಟರಿಗೆ ಜೋಡಿಸಿದ ಎರಡು ಪಂಪು: ಈ ಮೂರರಲ್ಲಿ ಒಂದು ತಪ್ಪಿದರೂ ಒಂದೇ ಜೋರು ಮಳೆಗೆ ಕಾರುಗಳು ನೀರಲ್ಲಿ.

ಎಣಿಕೆಯ ದಿನವನ್ನು ಆಯುಕ್ತರೇ ನಿಗದಿ ಮಾಡಲಿ, ಸಲಹಾ ಸಂಸ್ಥೆಗೆ ಬಿಡುವುದು ಬೇಡ. ದೀಪಾವಳಿಯ ಹಿಂದಿನ ವಾರ ಎಣಿಸಿದರೆ ಯಾವ ಊರಿಗಾದರೂ ಎಂಟು ಮಹಡಿ ಬೇಕಾಗುತ್ತದೆ.